ಚೇರಂಬಾಣೆಯಲ್ಲಿ ನಿಲ್ಲದೆ ಓಡಿದ್ದು

ಸೋಮವಾರಪೇಟೆಯಿಂದ ಮಡಿಕೇರಿಗೆ ಹೆಚ್ಚು ಕಡಿಮೆ ಇಪ್ಪತ್ತಾರು ಮೈಲಿ. ಈ ದಾರಿಯಲ್ಲಿ ಬಸ್ಸಿನಲ್ಲಿ ಎಷ್ಟು ಸಲ ಹೋಗಿ ಬಂದಿದ್ದೇನೋ, ಆದರೆ ಮೈಲಿಗಲ್ಲುಗಳನ್ನು ಒಂದೊಂದಾಗಿ ನೋಡಿದ್ದು ಆ ದಿನ ಮಾತ್ರ. ಮರುದಿನ ಬೆಳಿಗ್ಗೆ ಅಷ್ಟೇ ದೂರವನ್ನು ನನ್ನ ಈ ಎರಡು ಕಾಲುಗಳ ಮೇಲೆ ಓಡಬೇಕಾಗಿತ್ತು. ಮಾದಾಪುರ ಬರುವ ಹೊತ್ತಿಗೆ ಕಿಟಕಿಯ ಕಡೆ ನೋಡುವುದನ್ನೇ ಬಿಟ್ಟೆ.

ಸೋಮವಾರಪೇಟೆ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಲೆಕ್ಕ ಬರೆಯುವ ರೈಟರ್. ಅರೇಬಿಕಾ ಪಿಕ್ಕಿಂಗ್ ಮುಗಿದಿತ್ತು ಎಂದು ಮೂರು ದಿನದ ರಜೆ ಸಿಕ್ಕಿತು. “ಓಡೋಕೆ ಯಾರಾದ್ರೂ ರಜೆ ಕೇಳ್ತಾರೇನಯ್ಯಾ?” ಎಂದು ಸಾಹುಕಾರರು ನಕ್ಕರು. “ಕೂಲಿ ಲೈನಿಂದ ಕಾಫಿ ಕಣಕ್ಕೆ ದಿನಾ ಓಡೋದು ಸಾಲದಾ ನಿಂಗೆ?” ಯಾರ ನೆನಪಿಗೆ ಈ ಓಟ ಎಂದು ಹೇಳಿದ ಮೇಲೆ ಅವರು ನಗಲಿಲ್ಲ. ಹೆಂಡತಿಯನ್ನು ಕರೆದು, ನನಗೆ ಬುತ್ತಿ ಕಟ್ಟಿಸಿಕೊಟ್ಟರು.

ಕುಶಾಲಪ್ಪ ಮಾಸ್ಟರು ಮಡಿಕೇರಿಯಲ್ಲಿ ನಮಗೆ ಡ್ರಿಲ್ ಕಲಿಸಿದವರು. ಎರಡು ಮಳೆಗಾಲದ ಹಿಂದೆ ಕಾಮಾಲೆಯಾಗಿ ತೀರಿಕೊಂಡರು. ನಲವತ್ತೂ ತುಂಬಿರಲಿಲ್ಲ. ಅವರ ಕೈಕೆಳಗೆ ಓಡಿದ ಹಳೆಯ ಹುಡುಗರೆಲ್ಲ ಸೇರಿ ಈ ಓಟ ಇಟ್ಟಿದ್ದರು. ಭಾಗಮಂಡಲದಲ್ಲಿ ಶುರು, ಮಡಿಕೇರಿಯ ಕೋಟೆಯ ಮುಂದೆ ಕೊನೆ. ಮ್ಯಾರಥಾನಿಗೆ ಬೇಕಾದ್ದು ಇಪ್ಪತ್ತಾರು ಮೈಲಿ, ರಸ್ತೆ ಇಪ್ಪತ್ತನಾಲ್ಕೇ ಮೈಲಿ. ಕಡಿಮೆ ಬಿದ್ದ ದೂರಕ್ಕೆ ಪೇಟೆಯನ್ನೇ ಸುತ್ತಿ ಬರಬೇಕೆಂದು ತೀರ್ಮಾನವಾಗಿತ್ತು.

ಶಾಲೆಯಲ್ಲಿ ಮಾಸ್ಟರು ನನಗೊಂದು ಹೆಸರಿಟ್ಟಿದ್ದರು: ಸಂತೆ ಬಸ್ಸು. ಸಂತೆಯ ದಿನದ ಬಸ್ಸು ಮರಮರಕ್ಕೂ ನಿಲ್ಲುವುದಿಲ್ಲವೇ, ನಾನೂ ಹಾಗೆ. ಓಟದ ನಡುವೆ ಯಾರೋ ಪರಿಚಯದವರು ಸಿಕ್ಕರೆ ಮಾತಿಗೆ ನಿಂತೆ, ಮಜ್ಜಿಗೆ ಕೊಟ್ಟರೆ ಕುಡಿಯಲು ನಿಂತೆ. ಹಿರಿಯರು ಕಂಡರಂತೂ ಕಾಲು ಮುಟ್ಟದೆ ಮುಂದೆ ಹೋದವನೇ ಅಲ್ಲ. ನನ್ನನ್ನು ಸಾಕಿದ್ದು ಅಜ್ಜಿ. “ಹಿರಿಯರನ್ನ ದಾಟಿ ಹೋದೋನಿಗೆ ದಾರಿ ದಕ್ಕಲ್ಲ ಕಣೋ” ಎಂದು ಅವಳು ಹೇಳಿದ್ದು ಮೂಳೆಗೇ ಇಳಿದಿತ್ತು.

ಮಡಿಕೇರಿಯಲ್ಲಿ ಬಸ್ಸಿಳಿದಾಗ ಹತ್ತು ಗಂಟೆ. ಮಂಜು ಇನ್ನೂ ಪೇಟೆಯನ್ನು ಬಿಟ್ಟಿರಲಿಲ್ಲ. ಶಾಲೆಯ ಜಗಲಿಯಲ್ಲಿ ಬಟ್ಟೆಯ ಮೇಲೆ ಬರೆದ ನಂಬರು ಕೊಟ್ಟರು. ಅಲ್ಲಿಯೇ ಬೋಪಯ್ಯ ಸಿಕ್ಕಿದ. ಶಾಲೆಯಲ್ಲಿ ನನಗಿಂತ ಎರಡು ಕ್ಲಾಸು ಮುಂದಿದ್ದವನು, ಈಗ ಫೌಜಿನಲ್ಲಿ ಹವಾಲ್ದಾರ, ಇದಕ್ಕೆಂದೇ ರಜೆಯಲ್ಲಿ ಬಂದಿದ್ದ.

“ಎಂತ ಮಾರಾಯ, ನೀನೂ ಓಡುವುದಾ?” ಎಂದು ನನ್ನ ಹೊಟ್ಟೆಗೆ ತಿವಿದ. “ನಿನ್ನನ್ನು ಕಾಯಲು ನಾಡಿದ್ದಿನವರೆಗೆ ಒಬ್ಬ ಜನ ಇಡಬೇಕಾಗ್ತದೆ.”

“ನಾಡಿದ್ದು ಸಂಜೆಗೆ ಬಂದ್ರೂ ನಿನ್ ಮೀಸೆಗಿಂತ ನಾನೇ ಮುಂದಿರ್ತೀನಿ ಬೋಪಯ್ಯಣ್ಣ” ಎಂದೆ. ಅವನ ಮೀಸೆ ಮಾತ್ರ ನಿಜವಾಗಿಯೂ ದೊಡ್ಡದು.

ಹೋಟೆಲಿನಲ್ಲಿ ಅನ್ನ, ಹುಳಿ ಉಂಡು ಮಧ್ಯಾಹ್ನದ ಭಾಗಮಂಡಲದ ಬಸ್ಸು ಹಿಡಿದೆವು. ಓಟಗಾರರೇ ಎಂಟು ಜನ ಇದ್ದೆವು. ಕಂಡಕ್ಟರ್ ಹೊಸ ಪೈಸೆಯಲ್ಲಿ ಟಿಕೆಟ್ಟಿನ ದರ ಹೇಳಿದ. ಮುಂದಿನ ಸೀಟಿನ ಅಜ್ಜ ಆಣೆಯಲ್ಲಿ ಕೇಳಿದ. ಬೆಟ್ಟಗೇರಿ ದಾಟುವವರೆಗೂ ಇಬ್ಬರೂ ಜಗಳವಾಡಿದರು, ಇಬ್ಬರದೂ ಸರಿಯಾಗಿತ್ತು. ರಸ್ತೆಯ ಎರಡೂ ಕಡೆ ಕಿತ್ತಳೆ ಗಿಡಗಳು ಹಣ್ಣಿನ ಭಾರಕ್ಕೆ ಬಾಗಿದ್ದವು. ಗದ್ದೆಗಳಲ್ಲಿ ಕೊಯ್ಲು ಮುಗಿದು ಬರಿಯ ಕೂಳೆ ಉಳಿದಿತ್ತು.

ಚೇರಂಬಾಣೆಯಲ್ಲಿ ಇಂಜಿನ್ನಿಗೆ ನೀರು ಹೊಯ್ಯಲು ಬಸ್ಸು ನಿಂತಿತು. ಮಾಸ್ಟರ ಮನೆ ಅಲ್ಲಿಯೇ, ರಸ್ತೆಯ ಬದಿಗೆ. ಮನೆಯ ಮುಂದಿನ ಕಲ್ಲುಕಟ್ಟೆಯ ಮೇಲೆ ಅವರ ತಾಯಿ ಪೂವವ್ವ ಮೊರದಲ್ಲಿ ಕಾಳುಮೆಣಸು ಹರಡಿಕೊಂಡು ಕೂತಿದ್ದರು. ನಾವು ಎಂಟೂ ಜನ ಇಳಿದು ಹೋಗಿ ಒಬ್ಬೊಬ್ಬರಾಗಿ ಕಾಲು ಮುಟ್ಟಿದೆವು. ನನ್ನ ಸರದಿ ಬಂದಾಗ ನಾನು ಯಾರೆಂದು ಕೇಳಿದರು. ಹೇಳಿದೆ.

“ಓ! ಸಂತೆ ಬಸ್ಸು ನೀನೇಯಾ?” ಮುದುಕಿಯ ಮುಖ ಅರಳಿತು. “ಅಂವ ಬಂದಾಗೆಲ್ಲ ನಿನ್ನ ಕತೆ ಹೇಳಿ ನಗಾಡ್ತಿದ್ದ.”

ಸತ್ತವರ ಮನೆಯಲ್ಲಿ ನನ್ನ ಕತೆ ಇನ್ನೂ ಬದುಕಿತ್ತು. ಬೋಪಯ್ಯ ಕೇಳಿದ: “ನಾಳೆ ಮಡಿಕೇರಿಗೆ ಬಂದು ಗೆದ್ದವರಿಗೆ ನೀವೇ ಕಪ್ಪು ಕೊಡಬೇಕಂತಲ್ಲ ಅವ್ವಾ, ಬರುವುದಿಲ್ಲ ಅಂದಿರಂತೆ?”

“ಕಪ್ಪು ನಂಗೆಂಥಕೆ?” ಎಂದರು ಪೂವವ್ವ. “ಕುಶಾಲ ಓಡಿದ್ದು ಊರಿಗೆಲ್ಲ ಗೊತ್ತುಟ್ಟು. ನಂಗೆ ಮಾತ್ರ ಗೊತ್ತಿಲ್ಲೆ. ಅಂವ ಓಡಿದ್ದು ನಾ ಒಂದು ದಿನವೂ ಕಂಡದಿಲ್ಲೆ.”

ನಮಗೆ ಅರ್ಥವಾಗಲಿಲ್ಲ. ಅವರು ಮಡಿಕೇರಿಯ ಕಡೆಗೆ, ಒಂದು ಫರ್ಲಾಂಗು ದೂರದಲ್ಲಿ ರಸ್ತೆ ತಿರುಗುವಲ್ಲಿಗೆ ಕೈ ತೋರಿಸಿದರು. “ಶನಿವಾರ ಶಾಲೆ ಬಿಟ್ಟು ಓಡ್ಕೊಂಡೇ ಬರೋದು. ಅಗೋ, ಆ ತಿರುವು ಕಾಣ್ತುಟ್ಟಲ್ಲ, ಅಲ್ಲಿ ನಿಂತು, ಹೆಗಲಲ್ಲಿದ್ದ ಪಂಚೆ ಸುತ್ಕೊಂಡು, ಮತ್ತೆ ನಡ್ಕೊಂಡು ಬರೋದು. ಅವ್ವನ ಮುಂದೆ ಚಡ್ಡೀಲಿ ಓಡೋಕೆ ನಾಚಿಕೆ ಅವನಿಗೆ. ಹೋಗುವಾಗಲೂ ಹಂಗೇ, ತಿರುವಿನ ತನಕ ನಡಿಗೆ. ಹಿರಿಯರ ಎದುರಿಂದ ಓಡಿ ಹೋಗ್ಬಾರ್ದು ಅಂತ ಅವನ ಅಜ್ಜ ಕಲಿಸಿದ್ದು.” ಸ್ವಲ್ಪ ಹೊತ್ತು ಮೆಣಸನ್ನು ಕೈಯಲ್ಲಿ ಆಡಿಸಿದರು. “ಕಾಲು ಮುಟ್ಟೋಕೆ ಬಗ್ಗಿದರೆ ತಲೆಯಿಂದ ಬೆವರು ನನ್ನ ಪಾದದ ಮೇಲೆ ಬೀಳ್ತಿತ್ತ್. ನಾ ಕಂಡ ಓಟ ಅಷ್ಟೇ.”

ಪೂವವ್ವ ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. “ನಾಳೆ ನೀವು ಇದೇ ದಾರೀಲಿ ಬರೋದಲ್ಲ? ಒಬ್ಬನಾದ್ರೂ ನನ್ನ ಮುಂದೆ ನಿಲ್ಲದೆ ಓಡಿ ಹೋಕು. ಆ ತಿರುವಿನ ತನಕ ನಾ ನೋಡೋಕು.”

“ನಾವು ಓಡಬೇಕು, ನೀವು ನೋಡಬೇಕು, ಅದೇನು ದೊಡ್ಡ ಮಾತು ಅವ್ವಾ!” ಎಂದ ಬೋಪಯ್ಯ. ಎಲ್ಲರೂ ತಲೆಯಾಡಿಸಿದರು. ನಾನು ಮಾತ್ರ, “ನಿಮ್ಮ ಕಾಲ್ ಮುಟ್ದೆ ಹೆಂಗವ್ವಾ ದಾಟ್ಲಿ?” ಎಂದುಬಿಟ್ಟೆ.

“ನಾಳೆಯದನ್ನೂ ಇವತ್ತೇ ಮುಟ್ಟಿಬಿಡು” ಎಂದರು ಪೂವವ್ವ, ಎರಡೂ ಪಾದ ಮುಂದೆ ಚಾಚಿ. ಎಲ್ಲರೂ ನಕ್ಕರು. ನಾನು ನಗದೆ ಇನ್ನೊಂದು ಸಲ ಬಗ್ಗಿ ಮುಟ್ಟಿದೆ.

ಕಂಡಕ್ಟರ್ ಬಾಗಿಲಲ್ಲಿ ನಿಂತು ಕೂಗಿದ: “ಆಯ್ತಾ ಮಾರಾಯ್ರೇ? ಬಸ್ಸಿನ ಹೊಟ್ಟೆ ತಣ್ಣಗಾಗಿ ಅದಕ್ಕೂ ನಿದ್ದೆ ಬಂತು.”

ಭಾಗಮಂಡಲದಲ್ಲಿ ಅರ್ಚಕರೊಬ್ಬರ ಮನೆಯಲ್ಲಿ ಬಿಸಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ. “ಇಲ್ಲಿಗೆ ನಡೆದು ಬಂದವರನ್ನು ತುಂಬಾ ಕಂಡಿದ್ದೇವೆ” ಎಂದು ಅವರು ಬಡಿಸುತ್ತ ಹೇಳಿದರು. “ಇಲ್ಲಿಂದ ಓಡಿ ಹೋಗುವವರನ್ನು ಈಗಲೇ ಕಾಣುವುದು.”

ಬೆಳಕು ಹರಿಯುವಾಗ ಸಂಗಮದಲ್ಲಿ ಮುಖ ತೊಳೆದು ಸಾಲು ನಿಂತೆವು. ಇಪ್ಪತ್ತಕ್ಕೂ ಹೆಚ್ಚು ಜನ. ಕೆಲವರಿಗೆ ಕ್ಯಾನ್ವಾಸ್ ಶೂ, ಹಲವರಿಗೆ ಬರಿಗಾಲು, ಬೋಪಯ್ಯನಿಗೆ ಫೌಜಿನ ಬೂಟು. ಸೀಟಿ ಊದಿದ ಕೂಡಲೇ ಎಲ್ಲರೂ ಮಂಜಿನೊಳಗೆ ನುಗ್ಗಿದರು. ಸ್ವಲ್ಪ ಹೊತ್ತು ಹೆಜ್ಜೆಯ ಸದ್ದು ಮಾತ್ರ ಮುಂದೆ ಕೇಳುತ್ತಿತ್ತು, ಜನ ಕಾಣುತ್ತಿರಲಿಲ್ಲ.

ಓಡುವವರಿಗೆ ಕೊಡಗಿನಲ್ಲಿ ಚಳಿಗಿಂತಲೂ ಉಪಚಾರದ ಕಾಟವೇ ಹೆಚ್ಚು. ಚೆಟ್ಟಿಮಾನಿಯಲ್ಲಿ ಒಂದು ಮನೆಯವರು ಬೆಲ್ಲದ ಕಾಫಿಯ ಚೊಂಬು ಹಿಡಿದು ರಸ್ತೆಗೇ ಬಂದಿದ್ದರು. ಕುಡಿದೆ. ಮುಂದೆ ಒಬ್ಬ ಅಜ್ಜ ಕಿತ್ತಳೆ ಸುಲಿದು ಹಿಡಿದಿದ್ದ. ಅವನ ಕಾಲು ಮುಟ್ಟಿ, ತೊಳೆ ಬಾಯಿಗೆ ಹಾಕಿಕೊಂಡು, ಅವನ ಮೊಣಕಾಲು ನೋವಿನ ವಿಚಾರವನ್ನೂ ಕೇಳಿ ಹೊರಟೆ. ಚೊಂಬಿಗೆ ನಿಂತಾಗ ನಾಲ್ಕು ಜನ ದಾಟಿ ಹೋದರು, ಮೊಣಕಾಲಿಗೆ ನಿಂತಾಗ ಮೂವರು. ಮಾಸ್ಟರು ಸುಮ್ಮನೆ ಹೆಸರಿಟ್ಟಿರಲಿಲ್ಲ.

ಹತ್ತನೆಯ ಮೈಲಿ ಕಳೆದು, ಚೇರಂಬಾಣೆಯ ಏರು ಹತ್ತಿದಾಗ ಬಿಸಿಲು ಬಂದಿತ್ತು. ಪೂವವ್ವನ ಕಟ್ಟೆ ದೂರದಿಂದಲೇ ಕಂಡಿತು. ಬಿಳಿ ಸೀರೆ ಉಟ್ಟು, ತಲೆಗೆ ವಸ್ತ್ರ ಕಟ್ಟಿ ಕೂತಿದ್ದರು. ಅವರ ಮುಂದೆ ಮೂವರು ಬಗ್ಗಿ ನಿಂತಿದ್ದರು. ಮಧ್ಯದವನ ಬೂಟು ನೋಡಿಯೇ ಗುರುತಾಯಿತು. ದೊಡ್ಡ ಮಾತೇನಲ್ಲ ಎಂದಿದ್ದ ಬೋಪಯ್ಯನೇ ಅವರ ಪಾದ ಹಿಡಿದಿದ್ದ.

“ನಿಲ್ಬೇಡಿ ಅಂತ ಹೇಳಿದ್ನಲ್ಲ!” ಪೂವವ್ವ ಅವರ ಬೆನ್ನಿಗೆ ಬಡಿಯುತ್ತಿದ್ದರು. “ಬಂದವರೆಲ್ಲ ನಿಂತರೆ ಇದು ಎಂಥ ಓಟ? ಹೋಗಿ! ಹೋಗಿ!”

ಅಪ್ಪಟ ಸಿಪಾಯಿ, ಗುಂಡಿಗೆ ಹೆದರದವನು, “ಕಾಲು ಕೇಳುವುದಿಲ್ಲ ಅವ್ವಾ” ಎಂದು ಮಕ್ಕಳ ಹಾಗೆ ಹೇಳಿ ಎದ್ದ. ಅವರಿಗೆ ಬೆನ್ನು ಹಾಕದೆ ನಾಲ್ಕು ಹೆಜ್ಜೆ ಹಿಂದಕ್ಕೆ ನಡೆದ, ಆಮೇಲೆ ತಿರುಗಿ ನಡೆದ. ಉಳಿದ ಇಬ್ಬರೂ ಹಾಗೆಯೇ ನಡೆದರು, ತಿರುವು ದಾಟುವ ತನಕ. ಪೂವವ್ವ ಕೈ ಚೆಲ್ಲಿ ಕೂತರು.

ಆಗ ಅವರು ನನ್ನನ್ನು ಕಂಡರು. ನನ್ನ ಹಿಂದೆ ಹತ್ತಿರದಲ್ಲಿ ಯಾರೂ ಇರಲಿಲ್ಲ. ಅವರ ಮುಖದಲ್ಲಿ ಆಸೆಯೇನೂ ಕಾಣಲಿಲ್ಲ. ಸಂತೆ ಬಸ್ಸಿನಿಂದ ಯಾರು ತಾನೆ ಏನು ಬಯಸಿಯಾರು?

ನಾನು ಓಡಿದೆ. ಇಪ್ಪತ್ತು ಮಾರು ಇರುವಾಗಲೇ ನನ್ನ ಕೈಗಳು ತಾವಾಗಿಯೇ ಕೆಳಗಿಳಿದವು. ಬೆನ್ನು ಬಗ್ಗಿತು. ನೆಲದಿಂದ ಕಾಫಿ ಹಣ್ಣು ಹೆಕ್ಕುವವನ ಹಾಗೆ ಬಗ್ಗಿಕೊಂಡೇ ಓಡುತ್ತಿದ್ದೆ. ಅಜ್ಜಿ ಎಲ್ಲಿಂದಲೋ ನೋಡುತ್ತಿದ್ದಾಳೆ ಅನ್ನಿಸಿತು. ಪೂವವ್ವನ ಎರಡು ಪಾದ ಕಂಡವು, ಕಾಲುಂಗುರ ತೆಗೆದ ಬಿಳಿಯ ಗುರುತು ಕಂಡಿತು.

“ಬೆನ್ನು ನೆಟ್ಟಗೆ ಮಾಡು!” ಎಂದು ಕೂಗಿದರು.

ಮಾಡಿದೆ. ಪಾದಗಳು ಹಿಂದಾದವು.

“ಓಡು! ಓಡು ಹೈದಾ, ಓಡು!” ಅವರು ಎದ್ದು ನಿಂತಿದ್ದರು ಎಂದು ಧ್ವನಿಯಿಂದಲೇ ಗೊತ್ತಾಯಿತು. ನಾನು ತಿರುಗಿ ನೋಡಲಿಲ್ಲ. ಆ ಒಂದು ಫರ್ಲಾಂಗು ನಾನು ಓಡಿದ ಹಾಗೆ ಹಿಂದೆ ಎಂದೂ ಓಡಿಲ್ಲ, ಮುಂದೆಯೂ ಓಡಲಾರೆ. ಉಸಿರು ಕಟ್ಟಿತು, ಕಣ್ಣು ಮಂಜಾಯಿತು, ಅದು ಬೆವರೋ ಏನೋ. ತಿರುವು ಮುಗಿದು, ಮರಗಳ ಮರೆಯಾದ ಮೇಲೆಯೇ ಮೈಲಿಗಲ್ಲೊಂದರ ಮೇಲೆ ಕುಸಿದು ಕೂತೆ. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಹೊಳೆಯಿತು: ಮನೆಯಿಂದ ಹೊರಟಾಗ ಮಾಸ್ಟರು ಪಂಚೆ ಬಿಚ್ಚಿ ಹೆಗಲಿಗೆ ಹಾಕಿ ಓಡಲು ಶುರುಮಾಡುತ್ತಿದ್ದುದು ಇಲ್ಲಿಂದಲೇ. ಅಲ್ಲಿ ಕೂತಿರಲು ಮನಸ್ಸು ಬರಲಿಲ್ಲ. ಎದ್ದೆ.

ಮಡಿಕೇರಿ ಮುಟ್ಟುವ ಹೊತ್ತಿಗೆ ನೆರಳು ಕಾಲಡಿಗೆ ಬಂದಿತ್ತು. ಕೊನೆಯ ಏರಿನಲ್ಲಿ ಒಬ್ಬ ಪರಿಚಯದ ಅಂಗಡಿಯವನು ಸೋಡಾ ಒಡೆದು ಕೂಗಿದ, ನಾನು ನಿಲ್ಲಲಿಲ್ಲ. ಮೂರ್ನಾಡಿನ ಕಡೆಯ ಒಬ್ಬ ತರುಣನಿಗೆ ಕಪ್ಪು ಸಿಕ್ಕಿತು. ಬೋಪಯ್ಯ ಆರನೆಯವನು, ನಾನು ಹದಿನೇಳನೆಯವನು. ಕೋಟೆಯ ಮುಂದೆ ಬೋಪಯ್ಯ ನನ್ನನ್ನು ಹಿಡಿದು ಕೂರಿಸಿ, ಬೂಟು ಬಿಚ್ಚಿದ ತನ್ನ ಕಾಲನ್ನು ಬಿಟ್ಟು ನನ್ನ ಕಾಲು ತಿಕ್ಕತೊಡಗಿದ. “ನೀನು ನಿಲ್ಲಲಿಲ್ಲವಂತಲ್ಲ” ಎಂದ. ಆಮೇಲೆ ನನ್ನನ್ನು ದಾಟಿ ಬಂದವರು ಯಾರೋ ಪೂವವ್ವನ ಬಾಯಿಂದ ಕೇಳಿ ಸುದ್ದಿ ತಂದಿದ್ದರು. ಹೌದೆಂದೆ. ಅವನು ಮೀಸೆ ಒರೆಸಿಕೊಂಡು ಮತ್ತೆ ನನ್ನ ಕಾಲು ತಿಕ್ಕಿದ.

ಮರುದಿನ ಮಡಿಕೇರಿಯ ಬಸ್ ಸ್ಟ್ಯಾಂಡಿನಲ್ಲಿ ಸೋಮವಾರಪೇಟೆಯ ಬಸ್ಸು ನಿಂತಿತ್ತು. ನಾನು ಅದರ ಪಕ್ಕದಲ್ಲಿದ್ದ ಭಾಗಮಂಡಲದ ಬಸ್ಸು ಹತ್ತಿದೆ. ಹತ್ತಿದೆ ಎನ್ನುವುದು ಸುಳ್ಳು. ಕಾಲು ಕಟ್ಟಿಗೆಯಾಗಿತ್ತು, ಕಂಡಕ್ಟರ್ ಎತ್ತಿಕೊಂಡ. ಚೇರಂಬಾಣೆಯಲ್ಲಿ ಇಳಿದು ಕಟ್ಟೆಯ ಹತ್ತಿರ ಹೋಗಿ, ಅಯ್ಯೋ ಎಂದು ನರಳುತ್ತಲೇ ಬಗ್ಗಿ, ನಿನ್ನೆಯದನ್ನು ಮುಟ್ಟಿದೆ.

“ಮೊನ್ನೆಯೇ ಕೊಟ್ಟಾಗಿತ್ತಲ್ಲ?” ಎಂದರು ಪೂವವ್ವ.

“ಅದು ಮುಂಗಡ ಅವ್ವಾ. ಇದು ನನ್ ಸಮಾಧಾನಕ್ಕೆ.”

ಕೂರಿಸಿದರು. ಅಕ್ಕಿ ರೊಟ್ಟಿ, ಜೇನು ತಂದಿಟ್ಟರು. ನಾನು ತಿಂದಾದ ಮೇಲೆ ರಸ್ತೆಯನ್ನೇ ನೋಡುತ್ತ, “ನಿನ್ನೆ ನೀ ತಿರುವು ದಾಟಿದ ಮೇಲೂ ನಾ ನಿಂತೇ ಇದ್ದೆ” ಎಂದರು. “ಅಂವ ಅಲ್ಲಿ ಕಾಣದಾದ ಮೇಲೆ ಹೇಂಗೆ ಹೋಗ್ತಿದ್ದ ಅಂತ ಎಷ್ಟು ಸಲ ಯೋಚನೆ ಮಾಡಿದ್ನೋ. ಹಿಂಗೇ ಹೋಗ್ತಿದ್ದ, ಅಲ್ಲ?”

“ನನಗಿಂತ ಎಷ್ಟೋ ಚೆನ್ನಾಗ್ ಓಡೋರು ಅವ್ವಾ.”

“ಬೆನ್ನು?”

“ನೆಟ್ಟಗೆ. ಅಡಿಕೆ ಮರದ ಹಂಗೆ ನೆಟ್ಟಗೆ.”

ಅವರು ತಲೆಯಾಡಿಸಿದರು. ತಿರುವಿನಾಚೆ ನಾನು ಕಲ್ಲಿನ ಮೇಲೆ ಕುಸಿದು ಕೂತದ್ದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಮಡಿಕೇರಿಗೆ ಹಿಂತಿರುಗುವ ಬಸ್ಸಿನ ಹಾರನ್ನು ದೂರದಲ್ಲಿ ಕೇಳಿಸಿತು. ಪೂವವ್ವ ಒಂದು ಪೊಟ್ಟಣ ಕಾಳುಮೆಣಸನ್ನು ನನ್ನ ಚೀಲಕ್ಕೆ ತುರುಕಿದರು. ನಾನು ಕಟ್ಟೆಯ ಹತ್ತಿರವೇ ಬಸ್ಸಿಗೆ ನಿಂತೆ.

“ಇಲ್ಲಿ ಹತ್ತೋದು ಬೇಡ” ಎಂದರು. “ತಿರುವಿನಲ್ಲಿ ಹತ್ತು. ಓಡಿ ಹೋಗು.”

“ಅವ್ವಾ, ಕಾಲು...”

“ನಾ ನೋಡೋಕು” ಎಂದರು, ಅಷ್ಟೇ.

ಪಂಚೆ ಎತ್ತಿ ಕಟ್ಟಿದೆ, ಚೀಲ ಬಗಲಿಗೆ ಹಾಕಿದೆ. ಬಾತುಕೋಳಿಯೂ ನಾಚುವ ಹಾಗೆ ಓಡಿದೆ. ಹಿಂದಿನಿಂದ ಅವರ ನಗು ಕೇಳಿಸಿತು, ದೊಡ್ಡ ನಗು, ಬಾಯಿ ತುಂಬ. ತಿರುವು ತಲುಪುವಷ್ಟರಲ್ಲಿ ಬಸ್ಸು ನನ್ನ ಬೆನ್ನಿಗೇ ಬಂದು ನಿಂತಿತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹಿಂದಕ್ಕೆ ನೋಡಿದೆ. ಪೂವವ್ವ ರಸ್ತೆಯ ನಡುವಿಗೇ ಬಂದಿದ್ದರು. ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದು, ಇತ್ತ ಕಡೆಯೇ ನೋಡುತ್ತಿದ್ದರು.