ಕುಸುಬಿ ಎಣ್ಣೆ ಕುಡಿದ ಟೈರುಗಳು

ನಮ್ಮ ಮನೆಯವರಿಗೆ ಕಾರಿನ ಟೈರು ಮಿಂಚಬೇಕು. ಪ್ರತಿ ಅಮಾವಾಸ್ಯೆ ಬೆಳಿಗ್ಗೆ ಕಾರು ತೊಳೆದು, ಹಳೆಯ ಬನಿಯನ್ನಿನ ತುಂಡಿಗೆ ಅಡುಗೆಮನೆಯ ಕುಸುಬಿ ಎಣ್ಣೆ ಸುರಿದುಕೊಂಡು, ಕೂಸಿಗೆ ಎರೆಯುವ ಮೊದಲು ತಿಕ್ಕುವ ಹಾಗೆ ನಾಲ್ಕೂ ಟೈರು ತಿಕ್ಕುತ್ತಾರೆ. ಆಮೇಲೆ ನನ್ನ ಪಾಳಿ. ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇನೆ. ಆಳಂದದ ನಮ್ಮ ಓಣಿಯಲ್ಲಿ ಅಷ್ಟು ಕರ್ರಗೆ ಹೊಳೆಯುವ ಟೈರು ಯಾರ ಗಾಡಿಗೂ ಇಲ್ಲ.

ಈ ಸಲ ಅಮಾವಾಸ್ಯೆಯಾಗಿ ವಾರದೊಳಗೇ ಜೇವರ್ಗಿಗೆ ಹೋಗಿ, ಮಗಳನ್ನು ಚೊಚ್ಚಲ ಹೆರಿಗೆಗೆ ಕರೆತರಬೇಕಿತ್ತು. ನಮ್ಮ ಕಾರು ಜಿಡಗಾ ಮಠಕ್ಕೆ, ಮಟಕಿಯ ಹೊಲಕ್ಕೆ ಹೋಗಿ ಬರುವಂಥದ್ದು. ಹೆದ್ದಾರಿ ಕಂಡದ್ದು ಕಡಿಮೆ. ತುಂಬಿದ ಬಸುರಿಯನ್ನು ಕೂರಿಸಿಕೊಂಡು ಲಾರಿಗಳ ನಡುವೆ ಬರಬೇಕಲ್ಲ ಎಂಬುದೇ ನನ್ನ ಚಿಂತೆ. ಅದಕ್ಕೇ ಆ ಅಮಾವಾಸ್ಯೆಯ ದಿನ ಶಿವನನ್ನು ನೆನೆದು, ಟೈರಿನ ಬದಿಗೆ ಮೂರು ಬೆರಳಿನ ವಿಭೂತಿಯನ್ನು ಅಗಲವಾಗಿ ಎಳೆದೆ. ಸೊಟ್ಟಗಾಯಿತು. ಒದ್ದೆ ಬಟ್ಟೆಯಿಂದ ಒರೆಸಿದೆ. ಎಲ್ಲ ಹೋಯಿತು, ಆದರೆ ಕೂದಲೆಳೆಯಂಥ ಬಿಳಿ ಗೆರೆಗಳು ಮಾತ್ರ ಉಳಿದವು. ಚಳಿಗಾಲದ ಹಿಮ್ಮಡಿಯ ಹಾಗೆ ರಬ್ಬರು ಸೀಳಿತ್ತು. ಸೀಳಿನೊಳಗೆ ವಿಭೂತಿ ಕೂತಿತ್ತು.

“ರೀ, ಇಲ್ಲಿ ಬರ್ರಿ. ಟಾಯರ್ ಬಿರಕ್ ಬಿಟ್ಟದ.”

ಅವರು ನೆಲಕ್ಕೆ ತಾಗುವ ಕಡೆ ಕೈಯಿಟ್ಟು ತೋರಿಸಿದರು. “ಕಚ್ಚು ಎಷ್ಟ್ ಆಳ ಅವ ನೋಡು. ಹೊಸಾದ್ರಂಗ ಅದ.”

“ನಾ ಬಾಜೂಕ ನೋಡಾಕತ್ತೇನಿ, ನೀವು ಕೆಳಗ ತೋರ್ಸಾಕತ್ತೀರಿ.”

“ನಿನ್ ಕಣ್ಣಿಗಿ ದೇವ್ರೂ ಕಾಣ್ತಾನ, ಬಿರುಕೂ ಕಾಣ್ತಾವ!”

“ದೇವ್ರೇ ತೋರ್ಸ್ಯಾನ್ರಿ. ಈ ಟಾಯರಿನ ಮ್ಯಾಲ ನನ್ ಮಗಳ್ನ ಕೂಡ್ಸಂಗಿಲ್ಲ.”

ಮಗಳ ಮಾತು ಬಂದದ್ದೇ ಅವರು ಕೀಲಿ ಹುಡುಕತೊಡಗಿದರು.

ಟೈರಿನ ಅಂಗಡಿಯವನು ಚಹಾದ ಗ್ಲಾಸು ಹಿಡಿದೇ ಬಗ್ಗಿ, ಟೈರನ್ನು ಮುಟ್ಟಿ, ಬೆರಳು ಮೂಸಿ ನೋಡಿದ. “ಕಾಕಾ, ಇದಕ್ಕ ಏನ್ ಹಚ್ಚೀರಿ?”

“ಕುಸುಬಿ ಎಣ್ಣಿ. ಗಾಣದ್ದು,” ಎಂದರು ಇವರು ಹೆಮ್ಮೆಯಿಂದ.

“ಹಂಗಾದ್ರ ಸಾಸ್ವಿ ಜೀರಗಿ ಹಾಕಿ ವಗ್ಗರಣಿನೂ ಕೊಡಬೇಕಿತ್ತಲ್ರಿ!”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಇವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅದೊಂದು ಒಳ್ಳೆಯ ಗುಣ ಅವರದು. ಟೈರಿನ ಬದಿಗಿದ್ದ ನಾಲ್ಕು ಅಂಕಿಗಳನ್ನು ಅವನು ತೋರಿಸಿದ: ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಇವರು ಕನ್ನಡಕ ಏರಿಸಿ ಓದಿ, “ಏ, ಇದು ಮಗಳ ಲಗ್ನಕ್ಕಿಂತ ಎಷ್ಟೋ ಹಳೀದಲೇ!” ಎಂದರು.

“ಅದೇ ಹೇಳಾಕತ್ತೇನ್ರಿ. ಓಡಿಲ್ಲಂತ ಕಚ್ಚು ಸವದಿಲ್ಲ, ಆದ್ರ ರಬ್ಬರ್ ಮುದುಕ ಆಗ್ಯದ. ಬಿಸಲಾಗ ನಿಂತು ಒಣಗ್ಯದ, ಮ್ಯಾಲ ನಿಮ್ಮ ಎಣ್ಣಿ ಬ್ಯಾರೆ. ಹೈವೇದಾಗ ಜೋರ್ ಓಡಿ ಕಾದ್ರ ಒಡೀತದ.”

ಬದಲಾಯಿಸುವುದು ಎಂದಾದ ಮೇಲೆ ಇವರಿಗೆ ಇನ್ನೊಂದು ಆಸೆ ಹುಟ್ಟಿತು. ಅಫಜಲಪುರದ ನನ್ನ ತಮ್ಮನ ಗಾಡಿಗಿರುವಂಥ ಅಗಲವಾದ ಟೈರು ಬೇಕಂತೆ.

“ಕಾರಿನ ಬಾಗಲ ಸಂದ್ಯಾಗ ಚೀಟಿ ಹಚ್ಚ್ಯಾರ ನೋಡ್ರಿ, ಅದೇ ಅಳತಿ. ಅದರಾಗ ಬರ್ದಷ್ಟೇ ಹವಾ. ದೊಡ್ಡ ಚಪ್ಲಿ ಹಾಕ್ಕೊಂಡ್ ಓಡಿದ್ರ ಎಡವ್ತೀರಿ ಕಾಕಾ.” ನನ್ನ ಕಡೆ ತಿರುಗಿ ಹೇಳಿದ: “ಅಕ್ಕೋರೆ, ಹವಾ ಮುಂಜಾನಿ, ಟಾಯರ್ ತಣ್ಣಗಿದ್ದಾಗ ನೋಡಸ್ರಿ. ಸ್ಟೆಪ್ನೀನೂ ಮರೀಬ್ಯಾಡ್ರಿ.”

ಅದೇ ಅಳತೆಯ ಹೊಸ ಟೈರು ಹಾಕಿಸಿಕೊಂಡು ಬಂದು, ಅವಕ್ಕೆ ವಿಭೂತಿ ಮಾತ್ರ ಹಚ್ಚಿದೆ. ಎಣ್ಣೆಯ ಡಬ್ಬಿ ಮುಟ್ಟಲು ಅವರನ್ನು ಬಿಡಲಿಲ್ಲ.

ಹೋಗುವ ದಿನ ಬಿಸಿಲೇರುವ ಮುಂಚೆ ಹವಾ ನೋಡಿಸಿ ಹೊರಟೆವು, ಅದೊಂದು ಪುಣ್ಯ. ಕಲಬುರಗಿ ದಾಟುವಾಗ ಗದ್ದಲವಿರಲಿಲ್ಲ, ಅದಿನ್ನೊಂದು. ಬೀಗರು ಊಟ ಮಾಡಿಸಿ, ಮುಖ ಸಣ್ಣದು ಮಾಡದೆ ಮಗಳನ್ನು ಕಳಿಸಿಕೊಟ್ಟರು. ಅದು ಎಲ್ಲಕ್ಕಿಂತ ದೊಡ್ಡದು. ಸೀಟಿನ ಬೆಲ್ಟನ್ನು ಅವಳ ಹೊಟ್ಟೆಯ ಕೆಳಗೆ ಬರುವಂತೆ ಕಟ್ಟಿ, ಪಕ್ಕದಲ್ಲಿ ನಾನು ಕೂತೆ. ಜೇವರ್ಗಿ ಬಿಟ್ಟು ಸ್ವಲ್ಪ ದೂರಕ್ಕೇ ಅವಳಿಗೆ ನಿದ್ದೆ ಹತ್ತಿತು.

ಮುಂದೊಂದು ತಿರುವಿನಲ್ಲಿ ರಸ್ತೆಯ ತುಂಬ ಕುರಿಗಳು. ಇವರು ಬ್ರೇಕು ಒತ್ತಿದರು. “ಶಿವಾ ಶಿವಾ” ಎಂದು ನಾನು ಮಗಳ ಹೊಟ್ಟೆಗೆ ಕೈ ಅಡ್ಡ ಹಿಡಿದೆ. ಕಾರು ಆಚೀಚೆ ಜಾರದೆ ನೆಟ್ಟಗೆ ನಿಂತಿತು. ಒಂದು ಟಗರು ಬಾನೆಟ್ಟಿನ ಮುಂದೆ ನಿಂತು ನಮ್ಮನ್ನೇ ದಿಟ್ಟಿಸಿ, ಅವಸರವಿಲ್ಲದೆ ಹೋಯಿತು. ಇವರು ಉಸಿರು ಬಿಟ್ಟು, ಕನ್ನಡಿಯಲ್ಲಿ ನನ್ನನ್ನು ನೋಡಿದರು.

ಮಗಳು ಒಂದೇ ಕಣ್ಣು ತೆರೆದಳು. “ಊರ್ ಬಂತೇನಬೇ?”

“ಇನ್ನೂ ಇಲ್ಲವ್ವ. ಕುರಿ ದಾಟಾಕತ್ತಾವ. ಮಲ್ಕೊ.”

ಅವಳು ನನ್ನ ಭುಜಕ್ಕೆ ತಲೆ ಆನಿಸಿ ಮತ್ತೆ ನಿದ್ದೆ ಹೋದಳು. ತೋಳು ಜೋಮು ಹಿಡಿಯಿತು. ಆಳಂದ ಬರುವ ತನಕ ನಾನು ಅಲುಗಾಡಲಿಲ್ಲ.