ಇಪ್ಪತ್ತೆರಡು ನಿಮಿಷ ತಡವಾಗಿ ಬರುತ್ತಿದ್ದ ನೀರು

ಬೆಳಗಿನ ನಾಲ್ಕು ಗಂಟೆ ಮೂವತ್ತೆಂಟು ನಿಮಿಷ. ಕತ್ತಲು ಇನ್ನೂ ಪೂರ್ತಿ ಹರಿದಿಲ್ಲ. ಬೆಟ್ಟದ ಬೆನ್ನ ಮೇಲೆ ಒಂದು ಬಿಳಿ ಗೆರೆ ಮಾತ್ರ ಎದ್ದಿದೆ. ಗೋರ್ನಿ ವಿರ್ ಊರಿನ ಮೇಲ್ಗಡೆ, ಹೊಳೆಯಿಂದ ಕಾಲುವೆ ಕವಲೊಡೆಯುವಲ್ಲಿ, ದೆಲ್ಚೊ ಮಾಲಿನೊವ್ ಬಗ್ಗಿ ಓಕ್ ಮರದ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆಳೆಯುತ್ತಾರೆ. ಮೂರು ದಿನ ಒಣಗಿದ್ದ ಮಣ್ಣಿಗೆ ನೀರು ಇಳಿಯುತ್ತದೆ. ಕಡ್ಡಿ, ಕಸ, ಪಾಪ್ಲರ್ ಮರದಿಂದ ಉದುರಿದ ಅರಳೆ ಎಲ್ಲವನ್ನೂ ಮುಂದೆ ತಳ್ಳಿಕೊಂಡು, ಕೆಸರು ನೊರೆ ಕಟ್ಟಿಕೊಂಡು ತೆವಳುತ್ತಾ ಹೊರಡುತ್ತದೆ.

ದೆಲ್ಚೊ ಅದರ ಪಕ್ಕದಲ್ಲೇ ನಡೆಯುತ್ತಾರೆ. ಮೊಣಕಾಲಿನವರೆಗೆ ರಬ್ಬರ್ ಬೂಟು, ಹೆಗಲ ಮೇಲೆ ಗುದ್ದಲಿ. ವಯಸ್ಸು ಎಪ್ಪತ್ತೊಂದು, ಎಡಸೊಂಟದಲ್ಲಿ ನೋವಿದೆ. ನೀರು ಹೆಗ್ಗಣದ ಬಿಲ ಹೊಕ್ಕರೆ ಇವರು ನಿಂತು ಬಿಲ ಮುಚ್ಚುತ್ತಾರೆ. ನೀರು ಮರಳಿನಲ್ಲಿ ಇಂಗುತ್ತಾ ತಡೆದರೆ ಇವರೂ ತಡೆಯುತ್ತಾರೆ. ಎಂಟುನೂರು ಮೀಟರು ದೂರದ ಕೊನೆಯ ತೋಟಕ್ಕೆ ನೀರಿನ ತುದಿ ಮುಟ್ಟಿದಾಗ ಗಡಿಯಾರ ಐದು ತೋರಿಸುತ್ತದೆ. ತೋಟದ ಬಾಯಿಗೆ ಕಟ್ಟಿದ ಮಣ್ಣಿನ ಮಡೆ ಕಡಿದು ನೀರನ್ನು ಒಳಕ್ಕೆ ತಿರುಗಿಸಿ ಅವರು ಗುದ್ದಲಿಗೆ ಆತು ನಿಲ್ಲುತ್ತಾರೆ.

ತೋಟ ಎಂದರೆ ಹತ್ತು ಗುಂಟೆ ಜಾಗ. ಅದರಲ್ಲಿ ಒಂದು ಗಿಡವೂ ಇಲ್ಲ. ಗರಿಕೆ, ಕಾಡು ಸೊಪ್ಪು, ಬೇಲಿ ದಾಟಿ ಬಂದ ಮುಳ್ಳು. ಮೂರು ದಿನಕ್ಕೊಮ್ಮೆ, ಎರಡು ಬೇಸಿಗೆಯಿಂದ, ಊರಿನ ನೀರುಗಂಟಿ ಈ ಕಳೆಗೆ ಒಂದು ಗಂಟೆ ನೀರು ಕೊಡುತ್ತಿದ್ದಾರೆ. ಊರವರು ನಗುತ್ತಾರೆ. ಮುದುಕನಿಗೆ ಗರಿಕೆ ಬೆಳೆಸುವ ಹುಚ್ಚು ಹಿಡಿದಿದೆ, ಮುಂದಿನ ವರ್ಷ ಮೇಕೆ ತರುತ್ತಾನೆ ಎಂದು ಕಾಫಿ ಅಂಗಡಿಯಲ್ಲಿ ಮಾತು.

ಗೋರ್ನಿ ವಿರ್‌ಗೆ ಮೂರು ಕಾಲುವೆ, ಒಂದೊಂದಕ್ಕೆ ಹದಿನೈದು ತೋಟ. ದಿನಕ್ಕೊಂದು ಕಾಲುವೆಯ ಸರದಿ, ತೋಟಕ್ಕೊಂದು ಗಂಟೆ. ಮೇ ಮೊದಲ ವಾರದ ಸಂತ ಗೆರ್ಗಿಯ ಹಬ್ಬದಿಂದ ಸೆಪ್ಟೆಂಬರಿನ ನಡುವರೆಗೆ, ಭಾನುವಾರವೂ ಬಿಡದೆ, ಬೆಳಗಿನ ಐದರಿಂದ ಸಂಜೆ ಎಂಟರವರೆಗೆ ದೆಲ್ಚೊ ಒಂದು ಹಲಗೆಯಿಂದ ಇನ್ನೊಂದಕ್ಕೆ ಓಡಾಡುತ್ತಾರೆ. ಮೂವತ್ತು ವರ್ಷ ದಾಟಿತು. ಸಂಬಳವಿಲ್ಲ. ಮೆಣಸಿನಕಾಯಿ ಹುರಿಯುವ ಕಾಲಕ್ಕೆ ಪ್ರತಿ ಮನೆಯಿಂದ ಒಂದು ಜಾಡಿ ಲ್ಯೂತೆನಿತ್ಸ ಬರುತ್ತದೆ. ತಮ್ಮದು ಬಿಟ್ಟು ನಲವತ್ತನಾಲ್ಕು ತೋಟ, ನಲವತ್ತನಾಲ್ಕು ಜಾಡಿ ಕೆಂಪು ಚಟ್ನಿ. ಚಳಿಗಾಲವಿಡೀ ಅವರ ಮನೆಯ ಬ್ರೆಡ್ಡಿಗೆ ಅದೇ.

ಮೊದಲು ಅವರು ಸಹಕಾರಿ ಬೇಸಾಯದಲ್ಲಿ ಪಂಪು ನೋಡಿಕೊಳ್ಳುತ್ತಿದ್ದರು. ಅಧ್ಯಕ್ಷರ ಭಾವಮೈದುನನ ಟೊಮೆಟೊಗೆ ರಾತ್ರಿಯಿಡೀ ನೀರು ಹೋಗುತ್ತಿದ್ದುದನ್ನು ಕಂಡಿದ್ದರು. ಕಂಡದ್ದನ್ನು ಹೇಳಿ ಮೂರು ತಿಂಗಳು ಹಂದಿ ಕೊಟ್ಟಿಗೆ ಗುಡಿಸಿದ್ದರು. ಸಹಕಾರಿ ಮುರಿದು ನೆಲ ಅವರವರಿಗೆ ವಾಪಸು ಬಂದಾಗ, ನೀರು ಹಂಚಲು ಯಾರು ಎಂಬ ಪ್ರಶ್ನೆ ಎದ್ದಿತು. ಹಂದಿ ಕೊಟ್ಟಿಗೆ ಗುಡಿಸಿದವನೇ ಆಗಲಿ ಎಂದು ಊರು ತೀರ್ಮಾನಿಸಿತು.

"ಅವತ್ತು ಒಂದು ಮಾತು ಇಟ್ಕೊಂಡೆ," ಎನ್ನುತ್ತಾರೆ ದೆಲ್ಚೊ. "ಯಾರಿಗೂ ಒಂದು ನಿಮಿಷ ಹೆಚ್ಚಿಲ್ಲ, ಯಾರಿಗೂ ಒಂದು ನಿಮಿಷ ಕಮ್ಮಿ ಇಲ್ಲ. ಅಷ್ಟೇ. ಅದಕ್ಕಿಂತ ದೊಡ್ಡ ಮಾತು ನಂಗೆ ಬರಲ್ಲ."

ಆ ಮಾತಿಗೆ ಅವರು ತಮ್ಮ ಮನೆಯನ್ನೂ ಹೊರಗಿಡಲಿಲ್ಲ. ಒಂದು ಕಡು ಬೇಸಿಗೆಯಲ್ಲಿ ಅವರದೇ ಮೆಣಸಿನ ಗಿಡಗಳು ಬಾಡಿ ಮಲಗಿದ್ದವು. ಹೆಂಡತಿ ಯೋನ್ಕಾ ಹತ್ತೇ ಹತ್ತು ನಿಮಿಷ ಕೇಳಿದ್ದಳು. ಕೊಡಲಿಲ್ಲ. ಆ ವರ್ಷ ಅವರು ತಿಂದದ್ದು ಊರವರ ಚಟ್ನಿ ಮಾತ್ರ. ಯೋನ್ಕಾ ಈಗಲೂ ಅದನ್ನು ಮರೆತಿಲ್ಲ. ಇವನನ್ನ ಮದುವೆಯಾದದ್ದಲ್ಲ, ಇವನ ಗಡಿಯಾರವನ್ನ ಆದದ್ದು ಎಂದು ಬಂದವರ ಮುಂದೆ ಹೇಳಿ, ಕಾಫಿ ತಂದಿಡುತ್ತಾಳೆ.

ಇಂಥ ಮನುಷ್ಯನ ಬಾಯಲ್ಲಿ ಈಗ ಆ ಕೊನೆಯ ತೋಟದ ಹೆಸರು ಬಂದರೆ ದನಿ ಇಳಿಯುತ್ತದೆ. ತೋಟ ನೇದಾ ಸ್ತಾನೆವಾ ಅವರದು. ವಿಧವೆ, ದೆಲ್ಚೊಗಿಂತ ಮೂರು ವರ್ಷ ದೊಡ್ಡವರು. ಮಡೆಯ ಪಕ್ಕದ ದಿಬ್ಬದ ಮೇಲೆಯೇ ಅವರ ಮನೆ.

ಉಳಿದೆರಡು ಕಾಲುವೆಗೆ ಸಹಕಾರಿಯ ಕಾಲದಲ್ಲೇ ಸಿಮೆಂಟು ಬಿದ್ದಿದೆ. ಅಲ್ಲಿ ನೀರು ಬಿಟ್ಟರೆ ಮೂರು ನಿಮಿಷದಲ್ಲಿ ತುದಿ ಮುಟ್ಟುತ್ತದೆ. ನೇದಾ ಅವರ ಕಾಲುವೆ ಮಾತ್ರ ಮಣ್ಣಿನದು. ದೂರದವರಿಗೆ ಮೊದಲು ಎಂಬುದು ಇಲ್ಲಿನ ಹಿರಿಯರು ಮಾಡಿಟ್ಟ ನಿಯಮ. ಕೊನೆಯ ತೋಟಕ್ಕೆ ಮೊದಲ ಸರದಿ, ಅಲ್ಲಿಂದ ಒಂದೊಂದೇ ತೋಟ ಮೇಲಕ್ಕೆ. ನೇದಾಗೆ ಬೆಳಗಿನ ತಂಪು ನೀರು ಸಿಗುತ್ತದಲ್ಲ ಎಂದು ಬೇರೆಯವರಿಗೆ ಹೊಟ್ಟೆಕಿಚ್ಚೂ ಇತ್ತು. ದೆಲ್ಚೊ ಸರಿಯಾಗಿ ಐದಕ್ಕೆ ಹಲಗೆ ಎತ್ತುತ್ತಿದ್ದರು, ಮನೆಗೆ ಬಂದು ಕಾಫಿ ಕುಡಿಯುತ್ತಿದ್ದರು, ಸರಿಯಾಗಿ ಆರಕ್ಕೆ ನೇದಾ ಅವರ ಮಡೆಯ ಮೇಲಿನ ಹಲಗೆ ಬೀಳಿಸಿ ನೀರನ್ನು ಪಕ್ಕದ ತೋಟಕ್ಕೆ ತಿರುಗಿಸುತ್ತಿದ್ದರು. ಗಡಿಯಾರದಲ್ಲಿ ಒಂದು ಗಂಟೆ. ಒಂದು ಸೆಕೆಂಡೂ ಆಚೀಚೆ ಇಲ್ಲ.

ನನ್ನ ಗಂಟೆ ಚಿಕ್ಕದು ಎಂದು ನೇದಾ ಮೊದಲ ಸಲ ಹೇಳಿದ್ದು ವಸಂತದ ಊರಸಭೆಯಲ್ಲಿ. ದೆಲ್ಚೊ ಜೇಬಿನಿಂದ ಗಡಿಯಾರ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. "ಗಂಟೆ ಎಲ್ರಿಗೂ ಒಂದೇ, ನೇದಕ್ಕ. ಬೇಕಾದ್ರೆ ಕಿವಿ ಹತ್ರ ಇಟ್ಕೊಂಡು ಕೇಳು." ಸಭೆ ನಕ್ಕಿತು. ಮರುವರ್ಷ ಆಕೆ ಮತ್ತೆ ಹೇಳಿದರು, ಮತ್ತೆ ನಕ್ಕರು. ಕೊನೆಕೊನೆಗೆ ಅದೊಂದು ಗಾದೆಯಂತಾಯಿತು. ಅಂಗಡಿಯಲ್ಲಿ ಚೀಸ್ ತೂಕ ಕಡಿಮೆ ಬಂದರೆ, ರಾಕಿಯಾ ಸಾರಾಯಿಯ ಲೋಟ ತುಂಬದಿದ್ದರೆ, 'ನೇದಾಳ ಗಂಟೆ' ಎನ್ನುತ್ತಿದ್ದರು. ಈಗಲೂ ಎನ್ನುತ್ತಾರೆ. ಊರಿಗೆ ಸೊಸೆಯಾಗಿ ಬಂದ ಹೆಣ್ಣುಮಕ್ಕಳಿಗೂ ಆ ಮಾತು ಗೊತ್ತು, ನೇದಾ ಯಾರೆಂದು ಗೊತ್ತಿಲ್ಲದಿದ್ದರೂ.

ಅಷ್ಟೂ ವರ್ಷ ನೇದಾ ಜಾಡಿ ಕಳಿಸುವುದನ್ನು ತಪ್ಪಿಸಲಿಲ್ಲ. ಮೆಣಸಿನಕಾಯಿ ಕಡಿಮೆಯಾದ ವರ್ಷ ಕ್ಯಾರೆಟ್ ಹೆಚ್ಚು ಹಾಕಿ ತುಂಬಿಸಿ ಕಳಿಸಿದರು. ಅದನ್ನು ತಿನ್ನುವಾಗ ಕ್ಯಾರೆಟ್ ಜಾಸ್ತಿಯಾಯ್ತು ಎಂದು ತಾವು ಹೆಸರಿಟ್ಟದ್ದು ದೆಲ್ಚೊಗೆ ನೆನಪಿದೆ. ಅದನ್ನು ಹೇಳುವಾಗ ಅವರು ಬರೆದುಕೊಳ್ಳಲು ಬಂದ ನಮ್ಮ ಮುಖ ನೋಡುವುದಿಲ್ಲ, ನೀರನ್ನು ನೋಡುತ್ತಾರೆ.

ಮೂರು ವರ್ಷದ ಹಿಂದಿನ ಆಗಸ್ಟ್‌ನಲ್ಲಿ ನೇದಾ ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡು ಪಟ್ಟಣದ ಆಸ್ಪತ್ರೆ ಸೇರಿದರು. ತೋಟಕ್ಕೆ ನೀರು ತಿರುಗಿಸುವವರಿಲ್ಲ. ಇದೊಂದು ಸಲ ತಾನೇ ಮಡೆ ಕಡಿಯೋಣವೆಂದು ದೆಲ್ಚೊ ಕಾಫಿ ಬಿಟ್ಟು ಬಂದರು. ಐದಕ್ಕೆ ಹಲಗೆ ಎತ್ತಿ, ಅಡ್ಡದಾರಿಯಲ್ಲಿ ನಡೆದು, ಐದೂ ಹತ್ತಕ್ಕೆ ನೇದಾ ಅವರ ತೋಟದಲ್ಲಿ ನಿಂತರು. ಕಾಲುವೆ ಒಣಗಿತ್ತು. ಐದೂಕಾಲಿಗೂ ಒಣಗಿತ್ತು. ಯಾರೋ ನೀರು ಕದಿಯುತ್ತಿದ್ದಾರೆ ಎಂದು ಗುದ್ದಲಿ ಹಿಡಿದು ಮೇಲಕ್ಕೆ ಹೊರಟರು. ಕಳ್ಳ ಸಿಗಲಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ನೀರು ಎದುರಾಯಿತು, ಕಸ ತಳ್ಳಿಕೊಂಡು, ಒಣಮಣ್ಣು ಕುಡಿದು ಬಿಟ್ಟಷ್ಟು ಮಾತ್ರ. ಅದು ತೋಟ ಮುಟ್ಟಿದಾಗ ಐದು ಇಪ್ಪತ್ತೆರಡು.

ಮೂರು ದಿನ ಬಿಟ್ಟು, ನೀರಿನ ತುದಿಗೆ ಒಂದು ಎಲೆ ಹಾಕಿ ಅದರ ಜೊತೆಗೇ ನಡೆದು ನೋಡಿದರು. ಮತ್ತೆ ಇಪ್ಪತ್ತೆರಡು. ಇಡೀ ಕಾಲುವೆ ನೆನೆಯಲು ಬೇಕಾದ ನೀರು ಹೋಗುತ್ತಿದ್ದುದು ಒಬ್ಬಳ ಗಂಟೆಯಿಂದ. ಆಕೆ ನೆನೆಸಿಟ್ಟ ಕಾಲುವೆಯಲ್ಲಿ ಮೇಲಿನ ಹದಿನಾಲ್ಕು ತೋಟಕ್ಕೆ ಹಲಗೆ ಬಿದ್ದ ಕ್ಷಣದಲ್ಲೇ ನೀರು ಬರುತ್ತಿತ್ತು.

"ಮೂವತ್ತು ವರ್ಷ ನಾನು ಮನೇಲಿ ಕಾಫಿ ಕುಡೀತಿದ್ನಲ್ಲ, ಅದೇ ಹೊತ್ತು," ಎನ್ನುತ್ತಾರೆ. "ಒಂದು ದಿನ ಲೋಟ ಕೈಲಿ ಹಿಡ್ಕೊಂಡಾದ್ರೂ ಇಲ್ಲಿಗೆ ಬರಬೋದಿತ್ತು. ನಂಗೆ ಗಡಿಯಾರ ಇತ್ತು. ಅದಕ್ಕೇ ಬರಲಿಲ್ಲ."

ಪರಿಹಾರ ಅಷ್ಟು ಸಣ್ಣದಾಗಿತ್ತು ಎಂಬುದೇ ಅವರನ್ನು ಹೆಚ್ಚು ಕೊರೆಯುತ್ತದೆ. ಯಾರ ಪಾಲನ್ನೂ ಕತ್ತರಿಸಬೇಕಿರಲಿಲ್ಲ. ನೀರುಗಂಟಿ ಇಪ್ಪತ್ತೆರಡು ನಿಮಿಷ ಮುಂಚೆ ಎದ್ದರೆ ಸಾಕಿತ್ತು.

ಆದರೆ ತಿಳಿದದ್ದನ್ನು ಅವರು ಯಾರಿಗೂ ಹೇಳಲಿಲ್ಲ, ನೇದಾಗೂ. ಮುಂದಿನ ಬೇಸಿಗೆಯಿಂದ ಬೇಗ ಎದ್ದು ನೀರು ತಂದರೆ ಆಕೆ ಬೆಳೆ ನೋಡಿ ತಾನೇ ತಿಳಿದುಕೊಳ್ಳುತ್ತಾರೆ, ಮಾತಿಲ್ಲದೆ ಮುಗಿಯುತ್ತದೆ ಎಂದುಕೊಂಡರು. ಮುಂದಿನ ಬೇಸಿಗೆ ನೇದಾ ಬಿತ್ತಲೇ ಇಲ್ಲ. ಮುರಿದ ಕೈ ಕೂಡಿತ್ತು. ಅಷ್ಟು ನೀರಿಗೆ ಇಷ್ಟು ಮೈ ಮುರಿಯುವುದು ಸಾಕು ಎಂದು ಅಂಗಡಿಯಾಕೆಯ ಹತ್ತಿರ ಹೇಳಿದರಂತೆ. ಅಲ್ಲಿಂದ ಈಚೆಗೆ ಟೊಮೆಟೊವನ್ನು ಪೇಟೆಯಿಂದ ಕೊಂಡು ತಿನ್ನುತ್ತಿದ್ದಾರೆ. ಈ ಊರಲ್ಲಿ ಅದು ಸಣ್ಣ ವಿಷಯವಲ್ಲ.

ಎರಡು ಬೇಸಿಗೆ ಬಿತ್ತದ ತೋಟದ ಸರದಿ ಮೂರನೆಯ ವಸಂತದಲ್ಲಿ ರದ್ದಾಗುತ್ತದೆ. ಒಮ್ಮೆ ಹೋದ ಸರದಿ ಆ ನೆಲಕ್ಕೆ ಮರಳುವುದಿಲ್ಲ. ಹೋದ ಭಾನುವಾರದ ಸಭೆಯಲ್ಲಿ ನೇದಾ ಅವರ ಪಕ್ಕದ ತೋಟದ ಕ್ರಾಸಿಮಿರ್ ಎದ್ದು ಆ ಗಂಟೆ ತನಗೆ ಬೇಕೆಂದ. ಕೆಟ್ಟವನಲ್ಲ. ಸೌತೆಗೆ ಹೊಸದಾಗಿ ಪ್ಲಾಸ್ಟಿಕ್ ಚಪ್ಪರ ಹಾಕಿದ್ದಾನೆ. "ದೆಲ್ಚೊ ಅಣ್ಣ, ನೀವೇ ನಿಯಮದ ಮನುಷ್ಯ," ಎಂದ. "ಗರಿಕೆ ಏನು ನಿಮಗೆ ಜಾಡಿ ಕಳಿಸತ್ತಾ?"

ಸಭೆ ನಗಲು ತಯಾರಾಗಿತ್ತು. ದೆಲ್ಚೊ ಎದ್ದು ನಿಂತರು. ಮೂವತ್ತು ವರ್ಷ ಒಂದು ಗಂಟೆ ಎಂದು ಕೂಗಿ ಮೂವತ್ತೆಂಟು ನಿಮಿಷ ಕೊಟ್ಟೆ ಎಂದು ಹೇಳಿದರು. ಎಲೆ ಹಾಕಿ ನಡೆದದ್ದನ್ನು, ಆಮೇಲೆ ಎರಡು ವರ್ಷ ಬಾಯಿ ಮುಚ್ಚಿಕೊಂಡದ್ದನ್ನು ಹೇಳಿದರು. ಯಾರೂ ನಗಲಿಲ್ಲ. ಹಿಂದಿನ ಬೆಂಚಿನಿಂದ ಯಾರೋ ಒಬ್ಬರು ಹಾಗಾದರೆ ಅವಳು ಹೇಳಿದ್ದು ನಿಜವೇ ಎಂದು ಕೇಳಿದರು. ನಿಜ ಎಂದು ಹೇಳಿ ದೆಲ್ಚೊ ಕೂತರು. ಕೊನೆಗೆ ಜೂನ್ ಕೊನೆಯ ಸಂತ ಪೀಟರನ ಹಬ್ಬದವರೆಗೆ ಗಡುವು ಕೊಟ್ಟರು. ಅಷ್ಟರಲ್ಲಿ ನೇದಾ ತನ್ನ ಕೈಯಿಂದ ಒಂದು ಸಾಲು ಬೀನ್ಸ್ ಬಿತ್ತಿದರೂ ಸರದಿ ಉಳಿಯುತ್ತದೆ. ಇಲ್ಲದಿದ್ದರೆ ಕ್ರಾಸಿಮಿರ್‌ಗೆ.

ಅಂದೇ ದೆಲ್ಚೊ ದಿಬ್ಬ ಹತ್ತಿ ನೇದಾ ಅವರ ಮನೆಗೆ ಹೋದರು. ಸಭೆಯಲ್ಲಿ ಆಡಿದ್ದನ್ನೆಲ್ಲ ಮತ್ತೆ ಆಡಿದರು. ಬೀಜ ತಾನೇ ತರುತ್ತೇನೆ, ಸಾಲು ತಾನೇ ತೆಗೆಯುತ್ತೇನೆ, ಆಕೆ ಬರಿದೆ ಕಾಳು ಉದುರಿಸಿದರೆ ಸಾಕು ಎಂದರು. ನೇದಾ ಹಾಲು ಕಾಯಿಸುತ್ತಿದ್ದರು. ಒಲೆಯ ಕಡೆಯಿಂದ ತಿರುಗಲಿಲ್ಲ.

ಈ ವಾರ ನಾವೂ ಆಕೆಯನ್ನು ಕಂಡೆವು. ಕೂರಿಸಿ ಮೊಸರು ಕೊಟ್ಟರು. ದೆಲ್ಚೊ ಬಗ್ಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಊರಲ್ಲಿ ಅಂಥ ನಿಯತ್ತಿನವನು ಇನ್ನೊಬ್ಬನಿಲ್ಲ ಎಂದು ತಾವಾಗಿಯೇ ಹೇಳಿದರು. ಹಾಗಾದರೆ ಬಿತ್ತಬಹುದಲ್ಲ ಎಂದೆವು.

"ನಾ ಬಿತ್ತಿದ್ರೆ ಎಲ್ಲಾ ಸರಿಹೋಯ್ತು ಅಂತಾರೆ," ಎಂದರು ನೇದಾ. "ಸರಿಹೋಗಿಲ್ಲ ಮಗಾ. ಹನ್ನೊಂದು ಸಭೇಲಿ ಕೇಳ್ದೆ. ಅವನು ಕೆಟ್ಟವನಾಗಿದ್ರೆ ಜಗಳ ಆಡ್ತಿದ್ದೆ. ಒಳ್ಳೆಯವನು, ಅದಕ್ಕೇ ಊರೆಲ್ಲಾ ಅವನನ್ನ ನಂಬ್ತು. ನಂಗೂ ಒಂದೊಂದ್ಸಲ ನನ್ನ ಲೆಕ್ಕವೇ ತಪ್ಪೇನೋ ಅನ್ನಿಸ್ತಿತ್ತು." ಮೊಸರಿನ ಬಟ್ಟಲು ಎತ್ತಿಕೊಳ್ಳುತ್ತಾ, ಸರದಿ ಕ್ರಾಸಿಮಿರನಿಗೇ ಹೋಗಲಿ, ಅವನ ಸೌತೆಕಾಯಿ ಚೆನ್ನಾಗಿ ಬರುತ್ತವೆ ಎಂದು ಸೇರಿಸಿದರು.

ಈ ಮಾತನ್ನು ದೆಲ್ಚೊಗೆ ತಿಳಿಸಿದಾಗ ಅವರು ತಲೆಯಾಡಿಸಿದರು. ಆಕೆ ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ, ನನ್ನ ಮಾತು ಕಮ್ಮಿಯಾದರೂ ಪರವಾಗಿಲ್ಲ ಎಂದರು.

ಕಳೆಯ ನಡುವೆ ನೀರು ಈಗ ಬೇಲಿಯವರೆಗೆ ಹರಡಿದೆ. ಬಿಸಿಲು ಬಿದ್ದಿದೆ. ಆರು ಗಂಟೆ. ಸರದಿ ಮುಗಿದಾಗ ನೀರುಗಂಟಿ ತೋಟದವರ ಹೆಸರು ಹಿಡಿದು ಕೂಗುವುದು, ಅವರು 'ಆಯ್ತು' ಎಂದ ಮೇಲೆ ಹಲಗೆ ಬೀಳಿಸುವುದು ಇಲ್ಲಿಯ ರೂಢಿ. ದೆಲ್ಚೊ ದಿಬ್ಬದ ಕಡೆ ತಿರುಗಿ, ನೇದಕ್ಕ, ನಿನ್ನ ಗಂಟೆ ತುಂಬಿತು ಎಂದು ಕೂಗುತ್ತಾರೆ. ಮೇಲೆ ಹೊಗೆಗೂಡಿನಿಂದ ಹೊಗೆ ಏಳುತ್ತಿದೆ. ಕಿಟಕಿ ತೆರೆದಿದೆ. ಉತ್ತರವಿಲ್ಲ. ಅವರು ಇನ್ನೂ ಸ್ವಲ್ಪ ಕಾಯುತ್ತಾರೆ. ಆಮೇಲೆ ಬಗ್ಗಿ ಹಲಗೆ ಬೀಳಿಸಿ, ಸೊಂಟ ಹಿಡಿದುಕೊಂಡು ನಿಧಾನವಾಗಿ ನೆಟ್ಟಗಾಗುತ್ತಾರೆ.

"ಸರಿಯಾಗಿ ಕೊಡೋದು ಈಗ ಕಲಿತೆ. ತಗೊಳ್ಳೋಳು ಸಾಕು ಅಂದ್ಬಿಟ್ಳು," ಎನ್ನುತ್ತಾರೆ. "ಪೀಟರನ ಹಬ್ಬಕ್ಕೆ ಇನ್ನೂ ಹನ್ನೊಂದು ಸರದಿ ಇದೆ. ಅಲ್ಲೀತನಕ ಗಂಟೆ ಅವಳದು. ಹನ್ನೊಂದೂ ಪೂರ್ತಿ ಕೊಡ್ತೀನಿ."