ಅಪ್ಪನ ಬೀಟರ್ ಮತ್ತು ಕೂದಲೆದ್ದ ನಾರು

ನಾನು ಚಿಕ್ಕವಳಿದ್ದಾಗ, ಅಂದರೆ ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಕೈಗೆ ಸಿಕ್ಕಿದ್ದನ್ನೆಲ್ಲ ಒರಳಿಗೆ ಹಾಕಿ ಕುಟ್ಟುವ ಹುಚ್ಚು ನನಗಿತ್ತು. ಇಟ್ಟಿಗೆ ಚೂರು, ದಾಸವಾಳದ ಎಲೆ, ಒಮ್ಮೆ ಅಕ್ಕನ ಸೀಮೆಸುಣ್ಣವನ್ನೂ ಕುಟ್ಟಿ ಬೈಸಿಕೊಂಡಿದ್ದೆ. ನಲವತ್ತೇಳನೇ ವಯಸ್ಸಿಗೇ ಅಜ್ಜಿಯಾದವಳು ನಾನು, ಅದೆಲ್ಲ ನಿನ್ನೆ ಮೊನ್ನೆ ನಡೆದಂತಿದೆ. ಆ ಹುಚ್ಚು ಒಂದು ಶನಿವಾರ ನಮ್ಮನ್ನು ಎಲ್ಲಿಗೆ ಕರೆದೊಯ್ದಿತು ಎಂದು ಹೇಳುತ್ತೇನೆ, ಕೇಳಿ ಮಕ್ಕಳೇ.

ಅಪ್ಪ ಮೊದಲು ಸಕಲೇಶಪುರದ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಪಲ್ಪರ್ ಯಂತ್ರ ನೋಡಿಕೊಳ್ಳುತ್ತಿದ್ದರು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವಾಗ ಒಳಗಿನ ಬೀಜಕ್ಕೆ ಗೀರು ಬೀಳಬಾರದು, ಬಿದ್ದರೆ ಆ ಬೀಜ ಹಾಳು. ಅಪ್ಪನ ಕೈಯಲ್ಲಿ ಒಂದು ಬೀಜವೂ ಕೆಡುವುದಿಲ್ಲ ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರೇ ಹೊಗಳುತ್ತಿದ್ದರು. ಆಲೂರಿನಲ್ಲಿ ಕೈಕಾಗದದ ಸಣ್ಣ ಕಾರ್ಖಾನೆ ಶುರುವಾದಾಗ ಅದರ ಯಜಮಾನರು ಅಪ್ಪನನ್ನೇ ಹುಡುಕಿಕೊಂಡು ಬಂದರು. ಅಲ್ಲಿನ ಯಂತ್ರದ ಹೆಸರು ಬೀಟರ್. ಉದ್ದನೆಯ ಸಿಮೆಂಟು ತೊಟ್ಟಿ, ಅದರೊಳಗೆ ಅಲಗುಗಳಿರುವ ಕಬ್ಬಿಣದ ಉರುಳೆ, ಅದರ ಕೆಳಗೆ ಇನ್ನೊಂದು ಅಲಗಿನ ಪಟ್ಟಿ. ಮರದ ತಿರುಳಿನ ಬಿಳಿ ಹಲಗೆಗಳನ್ನು ನೆನೆಸಿ ತೊಟ್ಟಿಗೆ ಹಾಕಿದರೆ ನಾರು ಬಿಡಿಬಿಡಿಯಾಗಿ ಆ ಎರಡರ ನಡುವೆ ಸುತ್ತುತ್ತಿತ್ತು. ಅಪ್ಪನ ಅಂಗಿಗೆಲ್ಲ ಒದ್ದೆ ಮರದ ವಾಸನೆ.

ಆದರೆ ಕಾಗದ ಮಾತ್ರ ಸರಿಯಾಗಿ ಬರಲಿಲ್ಲ. ನೋಡಲು ಬೆಳ್ಳಗೆ ಚೆನ್ನಾಗಿರುತ್ತಿತ್ತು, ಎತ್ತಿದರೆ ಹತ್ತಿಯ ಹಾಗೆ ಕಿತ್ತು ಕೈಗೆ ಬರುತ್ತಿತ್ತು. ಮೂರು ವಾರ ನೋಡಿದ ಯಜಮಾನರು, "ಸೋಮವಾರದೊಳಗೆ ಸರಿಹೋಗ್ದಿದ್ರೆ ಬೇರೆಯವರನ್ನ ಕರುಸ್ತೀನಿ ಕಣಯ್ಯ" ಎಂದುಬಿಟ್ಟರು. ಆ ಶುಕ್ರವಾರ ಅಪ್ಪ ತಟ್ಟೆಯ ಮುಂದೆ ಕೂತು ಅನ್ನ ಕಲೆಸುತ್ತಲೇ ಇದ್ದರು, ತುತ್ತು ಎತ್ತಲಿಲ್ಲ. ನನಗೆ ತುಂಬಾ ಹೆದರಿಕೆಯಾಯಿತು.

ಹಿಂದಿನ ದಿನವೇ ನಾನು, ಅಪ್ಪ ಮನೆಗೆ ತಂದಿಟ್ಟಿದ್ದ ಒದ್ದೆ ನಾರಿನಲ್ಲಿ ಒಂದು ಹಿಡಿ ಕದ್ದು, ಒರಳಲ್ಲಿ ಕುಟ್ಟಿ, ರೊಟ್ಟಿಯಂತೆ ತಟ್ಟಿ ಕಿಟಕಿಯ ಗಾಜಿಗೆ ಮೆತ್ತಿದ್ದೆ. ಶನಿವಾರ ಬೆಳಿಗ್ಗೆ ಬಿಡಿಸಿದರೆ ಹಪ್ಪಳದ ಹಾಗೆ ಗರಗರ ಎಂದಿತು. ಎಳೆದೆ, ಹರಿಯಲಿಲ್ಲ. ಹಲ್ಲಲ್ಲಿ ಕಚ್ಚಿ ಎಳೆದೆ, ಆಗಲೂ ಇಲ್ಲ. ಅದೇ ತೊಟ್ಟಿಯ ನಾರು! ಅಪ್ಪನ ಹಾಳೆ ಹರಿಯುತ್ತದೆ, ನನ್ನ ರೊಟ್ಟಿ ಯಾಕೆ ಹರಿಯುವುದಿಲ್ಲ?

ಅಕ್ಕ ಸಕಲೇಶಪುರದಲ್ಲಿ ಪಿಯುಸಿ ಓದುತ್ತಿದ್ದಳು, ಅವಳ ಕಾಲೇಜಿನಲ್ಲಿ ಸೂಕ್ಷ್ಮದರ್ಶಕವಿತ್ತು. ನನ್ನ ರೊಟ್ಟಿಯನ್ನು ತಾನೂ ಎಳೆದು ನೋಡಿ, ಅದರಲ್ಲೇ ನೋಡೋಣ ಎಂದಳು. ಅಪ್ಪನ ನಾರನ್ನು ಒಂದು ಔಷಧಿ ಸೀಸೆಗೆ, ನಾನು ಹೊಸದಾಗಿ ಕುಟ್ಟಿದ್ದನ್ನು ಇನ್ನೊಂದಕ್ಕೆ ತುಂಬಿಸಿ ಹೊರಟೆವು. "ಮಕ್ಕಳಾಟಕ್ಕೆ ನಾನ್ಯಾಕವ್ವ" ಎನ್ನುತ್ತಿದ್ದ ಅಪ್ಪನನ್ನೂ ಅಕ್ಕ ಬಿಡದೆ ಬಸ್ಸು ಹತ್ತಿಸಿದಳು.

ಲ್ಯಾಬಿನ ಬಾಗಿಲಲ್ಲಿ ಅಪ್ಪ ಚಪ್ಪಲಿ ಕಳಚಿ ಒಳಗೆ ಬಂದರು. ಒಳಗೆಲ್ಲ ಸ್ಪಿರಿಟ್ಟಿನ ಘಾಟು. ಅಕ್ಕನ ಮೇಡಂ ಗಾಜಿನ ಚೂರುಗಳ ಮೇಲೆ ಒಂದೊಂದು ಹನಿ ಇಟ್ಟರು. ಮೊದಲು ನೋಡಿದವಳು ನಾನೇ. ಅಪ್ಪನ ನಾರು ಶಾವಿಗೆಯ ಹಾಗೆ ನುಣ್ಣಗೆ, ಒಂದಕ್ಕೊಂದು ಸಂಬಂಧವಿಲ್ಲದಂತೆ ಬಿದ್ದಿತ್ತು. ಇನ್ನೊಂದು ಗಾಜು ಇಟ್ಟಾಗ ಕೂಗಿಯೇ ಬಿಟ್ಟೆ. ನಾರಿನ ಮೈಯ ಸಿಪ್ಪೆ ಅಲ್ಲಲ್ಲಿ ಎದ್ದು, ಸಣ್ಣ ಸಣ್ಣ ಕೂದಲು ಬಂದಿತ್ತು! ತುದಿಗಳು ಜಗಿದ ಬೇವಿನ ಕಡ್ಡಿಯಂತೆ ಬಿಚ್ಚಿಕೊಂಡಿದ್ದವು. ಒಂದರ ಕೂದಲು ಇನ್ನೊಂದಕ್ಕೆ ತೊಡರಿಕೊಂಡಿತ್ತು.

"ಕುಟ್ಟಿದಾಗ ನಾರು ಮೆತ್ತಗಾಗಿ ಮೈ ಬಿಚ್ಚಿಕೊಳ್ಳುತ್ತೆ. ಒಣಗುವಾಗ ಈ ಎಳೆಗಳೇ ಒಂದಕ್ಕೊಂದು ಅಂಟ್ಕೊಳ್ಳೋದು," ಎಂದರು ಮೇಡಂ. "ನೀವು ಬೀಟರ್ ಉರುಳೆಯನ್ನ ಎಷ್ಟು ಇಳಿಸ್ತೀರಿ?"

"ಇಳಿಸಾದೇ ಇಲ್ಲ ಕಣ್ರವ್ವ," ಅಪ್ಪ ಮೆಲ್ಲಗೆ ಹೇಳಿದರು. "ನಾರಿಗೆ ಪೆಟ್ಟಾಗ್ಬುಡ್ತದೆ ಅಂತ ಮೇಲೇ ಎತ್ತಿಟ್ಟಿದ್ದೆ."

ಬೀಜಕ್ಕೆ ಗೀರು ಬೀಳದಂತೆ ಕಾಯುತ್ತಿದ್ದ ಕಾಫಿಯವರಿಗಲ್ಲದೆ ಇನ್ಯಾರಿಗೆ ಹೊಳೆಯಬೇಕು ಇಂಥ ಉಪಾಯ! ಅಪ್ಪನಿಗೆ ಒಂದೇ ಕಣ್ಣು ಮುಚ್ಚಲು ಬರುತ್ತಿರಲಿಲ್ಲ, ಹಾಗಾಗಿ ನಾನೇ ಅವರ ಎಡಗಣ್ಣಿಗೆ ಅಂಗೈ ಅಡ್ಡ ಹಿಡಿದೆ. ಅವರು ಬಹಳ ಹೊತ್ತು ನೋಡಿದರು, ರೆಪ್ಪೆ ಅಂಗೈಗೆ ಕಚಗುಳಿಯಿಡುತ್ತಿತ್ತು.

ಮಧ್ಯಾಹ್ನವೇ ಕಾರ್ಖಾನೆಗೆ ಬಂದು ಅಪ್ಪ ಚಕ್ರ ತಿರುಗಿಸಿ ಉರುಳೆ ಇಳಿಸಿದರು. ಅಲಗಿನ ಹತ್ತಿರಕ್ಕೆ ಅಲಗು ಬಂದು ಯಂತ್ರ ಗುಂಯ್ ಎಂದಾಗ ತಮಗೇ ನೋವಾದಂತೆ ಮುಖ ಕಿವುಚಿದರು. ಮೊದಲ ಸಲ ಅತಿಯಾಗಿ ನಾರು ಗಂಜಿಯಂತಾಯಿತು, ಹಾಳೆ ಎತ್ತುವ ಜರಡಿಯಿಂದ ನೀರೇ ಇಳಿಯಲಿಲ್ಲ. ಚೂರು ಎತ್ತಿದರು, ಮತ್ತೆ ಇಳಿಸಿದರು, ಸದ್ದಿಗೆ ಕಿವಿಗೊಟ್ಟು ನಿಂತರು. ಸಂಜೆಯೊಳಗೆ ಕೆಲವು ಹಾಳೆ ಎತ್ತಿ ಒಣಗಲು ಮರದ ಹಲಗೆಗೆ ಅಂಟಿಸಿದೆವು. ಭಾನುವಾರ ಪುಣ್ಯಕ್ಕೆ ಬಿಸಿಲು ಬಂತು.

ಸೋಮವಾರ ಶಾಲೆಗೆ ಹೋಗುವ ಮುಂಚೆ ನಾನೂ ಅಪ್ಪನ ಜೊತೆ ಹೋದೆ. ಕೆಲಸದವರೆಲ್ಲ ಸುತ್ತ ನಿಂತಿದ್ದರು. ಯಜಮಾನರು ಹಾಳೆಯ ಎರಡು ತುದಿ ಹಿಡಿದು ಎಳೆದರು. ಮತ್ತೆ ಜೋರಾಗಿ ಎಳೆದರು. ಹರಿಯಲಿಲ್ಲ.

"ಹೆಂಗೆ ಮಾಡಿದ್ಯಯ್ಯ?"

ಅಪ್ಪ ನನ್ನನ್ನು ಮುಂದಕ್ಕೆ ತಳ್ಳಿದರು. "ನಂಗೆ ಗೊತ್ತಿರ್ಲಿಲ್ಲ ಸ್ವಾಮಿ. ಈ ಕೂಸು ಹೇಳ್ಕೊಡ್ತು."

ಈಗ ನೀವು ಕೇಳಿದ ಕೂಡಲೇ ಫೋನು ಉತ್ತರ ಕೊಡುತ್ತದೆ, ನಾರಿನ ಕೂದಲನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ನನಗೆ ಹೊಟ್ಟೆಕಿಚ್ಚು, ನಿಜ. ನಮಗೆ ಒಂದು 'ಯಾಕೆ'ಗೆ ಬಸ್ಸು ಹತ್ತಿ ಹೋಗಬೇಕಿತ್ತು. ಆಗಿನ ದೊಡ್ಡವರು ಚಿಕ್ಕವರ ಮುಂದೆ 'ಗೊತ್ತಿಲ್ಲ' ಎನ್ನುತ್ತಲೂ ಇರಲಿಲ್ಲ, ಗದರಿ ಕಳಿಸುತ್ತಿದ್ದರು. ನನ್ನಪ್ಪ ಮಾತ್ರ ಹತ್ತು ಜನರ ಮುಂದೆ 'ಗೊತ್ತಿರ್ಲಿಲ್ಲ' ಅಂದರು. ಅದಕ್ಕೇ ನೀವು ಏನಾದರೂ ಕೇಳಿ ನನಗೆ ಉತ್ತರ ತಿಳಿಯದಿದ್ದರೆ ನಾನು ಗದರುವುದಿಲ್ಲ. "ನಂಗೂ ಗೊತ್ತಿಲ್ಲ, ನೀನೇ ತೋರ್ಸು" ಎಂದು ನಿಮ್ಮ ಪಕ್ಕಕ್ಕೆ ಬಂದು ಕೂರುತ್ತೇನೆ.